ಪಿಜಿ, ಮೆಸ್, ಡಬ್ಬಾ ರಿವ್ಯೂ: ಯಾವ್ದನ್ನ ಹಾಕೋದು, ಯಾವ್ದನ್ನ ವಾಪಸ್ ಕಳ್ಸೋದು

ಪುಣೆಗೆ ಹೊಸದಾಗಿ ಬಂದಿಳಿಯೋ ನಮ್ಮ ಕನ್ನಡದ ಹುಡ್ಗ್ರು ಹುಡ್ಗೀರು ಕೇಳೋದು ಹೆಚ್ಚೂಕಮ್ಮಿ ಅದೇ ಪ್ರಶ್ನೆಗಳು. ಹಿಂಜವಡಿ ಹತ್ರ ಪಿಜಿ ಯಾವ್ದು ಪರ್ವಾಗಿಲ್ಲ, ವಾಕಡ್‌ನಲ್ಲಿ ಊಟದ ಡಬ್ಬಾ ಯಾರು ಕೊಡ್ತಾರೆ, ಜೋಳದ ರೊಟ್ಟಿ ಎಲ್ಲಿ ಸಿಗತ್ತೆ, ಶುಕ್ರವಾರ ರಾತ್ರಿ ಊರಿಗೆ ಹೋಗೋಕೆ ಯಾವ ಟ್ರಾವೆಲ್ಸ್ ನಂಬಬಹುದು. ಇದಕ್ಕೆಲ್ಲ ದಿನಾ ಉತ್ತರ ಹೇಳಿ ಸಾಕಾಗಿ ಇಲ್ಲಿನ ಕನ್ನಡ ಬಳಗದೋರೇ ಒಂದು ರಿವ್ಯೂ ಪಟ್ಟಿ ಶುರು ಮಾಡ್ತಾರೆ, ಜನ ಫಾರ್ಮ್ ತುಂಬಿ ಕಳಿಸ್ತಾರೆ, ಇಬ್ರೋ ಮೂವರೋ ಅಡ್ಮಿನ್‌ಗಳು ಓದಿ ಅಪ್ರೂವ್ ಮಾಡ್ತಾರೆ. ಮೊದಲ ತಿಂಗಳು ಎಲ್ಲ ಚೆನ್ನಾಗೇ ಇರತ್ತೆ. ಆಮೇಲೆ ಒಂದು ದಿನ ಒಬ್ರು ಅಡ್ಮಿನ್ ಹಾಕಿದ್ದನ್ನ ಇನ್ನೊಬ್ರು ತೆಗೀತಾರೆ, ನಂದ್ಯಾಕೆ ಹಾಕ್ಲಿಲ್ಲ ಅಂತ ಒಬ್ರು ಜಗಳಕ್ಕೆ ಬರ್ತಾರೆ, ಆಗ ಗೊತ್ತಾಗತ್ತೆ ಇಲ್ಲಿ ನಿಯಮ ಅಂತ ಯಾವ್ದೂ ಇರ್ಲೇ ಇಲ್ಲ, ಅಡ್ಮಿನ್ ಮೂಡ್ ಹೇಗಿತ್ತೋ ಹಾಗೆ ನಡೀತಿತ್ತು ಅಂತ.

ಇದು ಆ ಅಡ್ಮಿನ್‌ಗಳಿಗೆ ಬರೆದಿದ್ದು. ಪುಣೆ ಉದಾಹರಣೆ ಕೊಡ್ತೀನಿ, ಮುಂಬೈ ಗೋವಾದೋರಿಗೂ ಇದೇ ಕಥೆ, ಜಾಗದ ಹೆಸ್ರು ಬದಲಾಗತ್ತೆ ಅಷ್ಟೆ.

ಶುರುಗೇ ಒಂದು ಮಾತು. ಬೈಗುಳದ ರಿವ್ಯೂನ ಹಿಡಿಯೋದು ಸುಲಭ, ಕಣ್ಣಿಗೆ ಹೊಡೆಯತ್ತೆ. ನಮ್ಮಂಥ ಸಣ್ಣ ಬಳಗದಲ್ಲಿ ಪಟ್ಟಿನ ಹಾಳು ಮಾಡೋದು ಹೊಗಳಿಕೆ, ಅದೂ ಪ್ರೀತಿಯಿಂದ ಬರೆದಿರೋ ಹೊಗಳಿಕೆ. ನಮ್ಮೂರಿನೋರು ಮೆಸ್ ಹಾಕಿದಾರೆ, ಪಾಪ ಬೆಳೀಲಿ ಅಂತ ಒಮ್ಮೆನೂ ಅಲ್ಲಿ ಊಟ ಮಾಡದೋರು ಐದು ಸ್ಟಾರ್ ಒತ್ತಿ ಹೋಗ್ತಾರೆ. ಅದನ್ನ ನಂಬಿ ಮೂರು ತಿಂಗಳ ದುಡ್ಡು ಮುಂಗಡ ಕಟ್ಟೋ ಹುಡುಗನಿಗೂ ಇವ್ರಿಗೂ ಪರಿಚಯಾನೇ ಇಲ್ಲ. ಹಾಗಾಗಿ ನಿಮ್ಮ ನಿಯಮ ಹೊಗಳಿಕೆಗೆ ಒಂದು, ತೆಗಳಿಕೆಗೆ ಒಂದು ಅಂತ ಇರಬಾರ್ದು. ಪ್ರಶ್ನೆ ಒಂದೇ ಇರಬೇಕು: ಈ ಮನುಷ್ಯನಿಗೆ ಇದು ಹೇಗೆ ಗೊತ್ತು?

ಮೊದ್ಲು, ಯಾವ್ದರ ರಿವ್ಯೂ ತಗೋತೀರಿ

ಅಪ್ರೂವ್ ನಿಯಮಕ್ಕಿಂತ ಮುಂಚೆ ಇದನ್ನ ತೀರ್ಮಾನ ಮಾಡ್ಕೊಳ್ಳಿ. ಪಿಜಿ, ಮೆಸ್, ಡಬ್ಬಾ, ಹೋಟ್ಲು, ಟ್ರಾವೆಲ್ಸ್ ಬಸ್ಸು, ಮನೆ ಸಾಮಾನು ಸಾಗಿಸೋರು, ಬ್ರೋಕರು, ಕ್ಲಿನಿಕ್ಕು, ಇಷ್ಟಿದ್ರೆ ಸಾಕು. ಎಲ್ಲರಿಗೂ ಮಾರೋ ಸೇವೆ, ಬೋರ್ಡ್ ಹಾಕ್ಕೊಂಡು ಕೂತಿರೋರು.

ಮನೆಗೆಲಸದ ಬಾಯಿ (ಇಲ್ಲಿ ಕೆಲಸದಾಕೆಗೆ ಹಾಗಂತಾರೆ), ವಾಚ್‌ಮನ್, ಒಂದೇ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿರೋ ಅಜ್ಜ, ಹಳೇ ರೂಮ್‌ಮೇಟ್, ಇವ್ರ ಬಗ್ಗೆ ರಿವ್ಯೂ ತಗೋಲೇಬೇಡಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಬಾಯಿ ಬಗ್ಗೆ ಯಾರೋ ಕನ್ನಡದಲ್ಲಿ ಬರೆದಿದ್ದು ಅವ್ಳಿಗೆ ಓದೋಕೂ ಬರಲ್ಲ, ಉತ್ತರ ಕೊಡೋಕೂ ಆಗಲ್ಲ, ಒಂದು ಸೊಸೈಟಿಯಲ್ಲಿ ಹೆಸ್ರು ಕೆಟ್ರೆ ನಾಲ್ಕು ಮನೆ ಕೆಲ್ಸ ಹೋಗತ್ತೆ. ಅಡಿಗೆ ಭಟ್ರು ಮಧ್ಯದಲ್ಲಿ ಬರ್ತಾರೆ. ಕ್ಯಾಟರಿಂಗ್ ಅಂತ ನಂಬರ್ ಹಂಚ್ಕೊಂಡು ಗೃಹಪ್ರವೇಶ, ಉಪನಯನ ಒಪ್ಕೊಳ್ಳೋರಾದ್ರೆ ಅಡಿಗೆ ಬಗ್ಗೆ, ಸಮಯಕ್ಕೆ ಬಂದ್ರಾ ಅನ್ನೋದ್ರ ಬಗ್ಗೆ ತಗೊಳ್ಳಿ, ಅವ್ರ ಮನೆ ವಿಷ್ಯ ಬೇಡ.

ಹೋಗಿದ್ರಾ, ಇದ್ರಾ, ತಿಂದ್ರಾ

ಮೊದಲ ನಿಯಮ ಸ್ವಂತ ಅನುಭವ. ನನ್ನ ಫ್ರೆಂಡ್ ಹೇಳ್ದ, ಆಫೀಸ್‌ನಲ್ಲಿ ಎಲ್ಲರೂ ಹೇಳ್ತಾರೆ, ಇವು ಬೇಡ. ಆ ಫ್ರೆಂಡೇ ಬರೀಲಿ. ಫಾರ್ಮ್‌ನಲ್ಲಿ ಮೂರು ಖಾನೆ ಕಡ್ಡಾಯ ಮಾಡಿ: ಯಾವಾಗ ಹೋಗಿದ್ದು ಅಥವಾ ಎಷ್ಟು ದಿನ ಇದ್ದಿದ್ದು, ಯಾವ ಏರಿಯಾ ಬ್ರಾಂಚು, ಏನು ತಗೊಂಡಿದ್ದು. ಒಂದೇ ಹೆಸ್ರಿನ ಪಿಜಿ ಹಿಂಜವಡಿ ಫೇಸ್ ಒಂದರಲ್ಲೂ ಇರತ್ತೆ, ಮಾಣ್ ಕಡೆನೂ ಇರತ್ತೆ, ಒಂದ್ರಲ್ಲಿ ನೀರಿರತ್ತೆ ಇನ್ನೊಂದ್ರಲ್ಲಿ ಮಾರ್ಚ್ ಬಂದ್ರೆ ಟ್ಯಾಂಕರ್ ಕಾಯಬೇಕು. ಬ್ರಾಂಚ್ ಹೇಳದ ರಿವ್ಯೂ ಹೊಗಳಿಕೆ ಆದ್ರೂ ತೆಗಳಿಕೆ ಆದ್ರೂ ಓದೋರಿಗೆ ಪ್ರಯೋಜನ ಇಲ್ಲ.

ಈ ನಿಯಮ ಇಲ್ದಿದ್ರೆ ಎಲ್ಲಿಗೆ ಹೋಗಿ ಮುಟ್ಟತ್ತೆ ಅನ್ನೋಕೆ 2017ರ ಲಂಡನ್ ಕಥೆ ಇದೆ. ಊಬಾ ಬಟ್ಲರ್ ಅನ್ನೋ ಬರಹಗಾರ ತಾನು ವಾಸ ಇದ್ದ ಶೆಡ್ಡನ್ನೇ ಹೋಟ್ಲು ಅಂತ ಟ್ರಿಪ್‌ಅಡ್ವೈಸರ್ ಅನ್ನೋ ರಿವ್ಯೂ ವೆಬ್‌ಸೈಟ್‌ನಲ್ಲಿ ನೋಂದಾಯಿಸಿದ, ಊಟದ ಫೋಟೋಗೆ ಶೇವಿಂಗ್ ಫೋಮ್ ಥರದ್ದೆಲ್ಲ ಬಳಸ್ದ, ಗೆಳೆಯರ ಕೈಲಿ ರಿವ್ಯೂ ಬರೆಸ್ದ. ಕೆಲವೇ ತಿಂಗಳಲ್ಲಿ ಇಲ್ಲದೇ ಇರೋ ಆ ಹೋಟ್ಲು ಲಂಡನ್‌ನ ಎಲ್ಲಾ ಹೋಟ್ಲುಗಳಿಗಿಂತ ಮೇಲೆ, ಒಂದನೇ ನಂಬರಿಗೆ ಬಂತು. ಅಷ್ಟು ದೊಡ್ಡ ಕಂಪ್ನಿಗೇ ಹೀಗಾದ್ರೆ ವಾಟ್ಸಾಪ್‌ನಲ್ಲಿ ಲಿಂಕ್ ಹಂಚ್ಕೊಳ್ಳೋ ನಮ್ಮ ಪಟ್ಟಿನ ತಿರುಚೋಕೆ ಒಂದು ಭಾನುವಾರ ಮಧ್ಯಾಹ್ನ ಸಾಕು.

ನಮ್ಮ ದೇಶದಲ್ಲೂ ಇದಕ್ಕೊಂದು ಮಾನದಂಡ ಇದೆ, ಸುಮಾರು ಜನಕ್ಕೆ ಗೊತ್ತಿಲ್ಲ. 2022ರ ನವೆಂಬರ್‌ನಲ್ಲಿ ಬಿಐಎಸ್‌ನೋರು, ಅದೇ ಐಎಸ್‌ಐ ಮಾರ್ಕ್ ಕೊಡೋರು, ಐಎಸ್ 19000:2022 ಅಂತ ತಂದ್ರು. ಆನ್‌ಲೈನ್ ರಿವ್ಯೂಗಳನ್ನ ಹೇಗೆ ಸಂಗ್ರಹಿಸಬೇಕು, ಹೇಗೆ ಪರಿಶೀಲಿಸಬೇಕು, ಹೇಗೆ ಪ್ರಕಟಿಸಬೇಕು ಅಂತಾನೇ ಇರೋದು. ಕಡ್ಡಾಯ ಅಲ್ಲ, ಬೇಕಾದೋರು ಪಾಲಿಸಬಹುದು. ಬರೆಯೋರು ನಿಜವಾದ ವ್ಯಕ್ತಿನಾ ಅಂತ ಇಮೇಲ್, ಫೋನ್, ಎಸ್ಸೆಮ್ಮೆಸ್ ಮೂಲಕ ಖಾತ್ರಿ ಮಾಡ್ಕೊಳ್ಳೋ ದಾರಿಗಳು ಅದ್ರಲ್ಲಿವೆ. ಆದ್ರೆ ಒಂದು ನೆನಪಿಡಿ, ಓಟಿಪಿ ಬಂತು ಅಂದ್ರೆ ಆ ಫೋನ್ ಅವ್ರದ್ದು ಅಂತ ಗೊತ್ತಾಯ್ತು ಅಷ್ಟೆ, ಆ ಪಿಜಿಯಲ್ಲಿ ಇದ್ರು ಅಂತ ಗೊತ್ತಾಗ್ಲಿಲ್ಲ.

ಹಾಗಂತ ಎಲ್ಲರ ಹತ್ರಾನೂ ಬಿಲ್ ಕೇಳಿದ್ರೆ ಯಾರೂ ಬರೆಯಲ್ಲ. ದೋಸೆ ತಿಂದಿದ್ದಕ್ಕೆ ಪುರಾವೆ ಕೊಡು ಅಂದ್ರೆ ಹೋಗ್ರೀ ಅಂತಾರೆ. ನಾನು ಹೇಳೋದು ಎರಡು ಸಂದರ್ಭಕ್ಕೆ ಮಾತ್ರ ಪುರಾವೆ ಇಟ್ಕೊಳ್ಳಿ: ದುಡ್ಡು, ಆರೋಗ್ಯ, ಸುರಕ್ಷತೆ ಬಗ್ಗೆ ಗಂಭೀರ ಆರೋಪ ಇದ್ದಾಗ, ಮತ್ತೆ ಬಳಗದಲ್ಲಿ ಯಾರಿಗೂ ಪರಿಚಯ ಇಲ್ದೋರು ಬಂದು ಮೊದಲ ರಿವ್ಯೂನಲ್ಲೇ ಆಕಾಶಕ್ಕೇರಿಸಿದಾಗ ಅಥವಾ ಪಾತಾಳಕ್ಕೆ ತಳ್ಳಿದಾಗ. ಯುಪಿಐ ಸ್ಕ್ರೀನ್‌ಶಾಟ್, ಬಾಡಿಗೆ ರಸೀದಿ, ಬಸ್ ಟಿಕೆಟ್, ಯಾವ್ದಾದ್ರೂ ಒಂದು. ಅಕೌಂಟ್ ನಂಬರ್ ಮುಚ್ಚಿ ಕಳಿಸಿ ಅಂತ ಹೇಳಿ, ಆಧಾರ್ ಮಾತ್ರ ಯಾವ ಕಾರಣಕ್ಕೂ ಕೇಳ್ಬೇಡಿ, ನೋಡಿದ್ಮೇಲೆ ಡಿಲೀಟ್ ಮಾಡಿ, ನೋಡಿದೆ ಅಂತ ಲಾಗ್‌ನಲ್ಲಿ ಒಂದು ಸಾಲು ಬರೆದ್ರೆ ಸಾಕು.

ಇಲ್ಲೊಂದು ಸೂಕ್ಷ್ಮ ಇದೆ. ರೂಮ್ ಕೇಳೋಕೆ ಹೋದಾಗ ನಾನ್‌ವೆಜ್ ತಿಂತೀರಾ, ಯಾವ ಜಾತಿ, ಯಾವ ಧರ್ಮ ಅಂತ ಕೇಳಿ ಇಲ್ಲ ಅಂದು ಕಳಿಸಿರ್ತಾರೆ. ಅವ್ರು ಅಲ್ಲಿ ಒಂದು ದಿನಾನೂ ಇರ್ಲಿಲ್ಲ, ಹಾಗಾದ್ರೆ ರಿವ್ಯೂ ತಗೋಬಾರ್ದಾ? ತಗೋಬೇಕು. ಬಾಗಿಲಿಂದ ವಾಪಸ್ ಕಳ್ಸಿದ್ದೂ ಅನುಭವಾನೇ, ಮುಂದೆ ಹೋಗೋರಿಗೆ ಸಾಂಬಾರಿನ ರುಚಿಗಿಂತ ಇದು ಮುಖ್ಯ. ವಿಚಾರಿಸಿದ್ದು ಮಾತ್ರ ಅಂತ ಒಂದು ಲೇಬಲ್ ಹಾಕಿ, ಸ್ಟಾರ್ ಲೆಕ್ಕಕ್ಕೆ ಸೇರಿಸ್ಬೇಡಿ.

ರುಚಿ ಅವ್ರದ್ದು, ಆರೋಪ ಆದ್ರೆ ವಿವರ ಬೇಕು

ಅಡ್ಮಿನ್ ಕೆಲ್ಸದಲ್ಲಿ ಜಾಸ್ತಿ ಹೊತ್ತು ಹಿಡಿಯೋದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ.

ಒಬ್ರು ಬರೀತಾರೆ: "ಸಾರಿಗೆ ಬೆಲ್ಲ ಭಾಳ ಹಾಕ್ತಾರ, ನಮ್ಗ ಸೇರಂಗಿಲ್ಲ. ರೊಟ್ಟಿ ಸಿಗಂಗಿಲ್ಲ, ಬರೇ ಚಪಾತಿ." ಹಾಕಿ, ಯೋಚ್ನೆನೇ ಬೇಡ. ಬೆಲ್ಲದ ಸಾರು ಇಷ್ಟ ಪಡೋ ಅಡ್ಮಿನ್‌ಗೆ ಇದು ತಪ್ಪು ಅನ್ನಿಸಬಹುದು, ಅದು ಅಡ್ಮಿನ್ ಸಮಸ್ಯೆ. ಈ ಒಂದು ಸಾಲು ಓದಿ ವಿಜಯಪುರದೋನು ಬೇರೆ ಮೆಸ್ ಹುಡುಕ್ತಾನೆ, ಉಡುಪಿಯೋನು ಅಲ್ಲಿಗೇ ಹೋಗ್ತಾನೆ, ಇಬ್ರಿಗೂ ಉಪಕಾರ ಆಯ್ತು.

ಇನ್ನೊಬ್ರು: "ಓನರ್ ದೊಡ್ಡ ಕಳ್ಳ, ಯಾರೂ ಹೋಗ್ಬ್ಯಾಡ್ರಿ." ಇದನ್ನ ಹಾಗೇ ಹಾಕೋ ಹಂಗಿಲ್ಲ. ಬೈದಿದಾರೆ ಅನ್ನೋದು ಕಾರಣ ಅಲ್ಲ, ಏನಾಯ್ತು ಅನ್ನೋದೇ ಅದ್ರಲ್ಲಿಲ್ಲ ಅನ್ನೋದು ಕಾರಣ. ವಾಪಸ್ ಕಳಿಸಿ, ಏನಾಯ್ತು ಬರೀರಿ ಅನ್ನಿ. ಅದೇ ಮನುಷ್ಯ ಹೀಗೆ ಬರೆದು ಕಳಿಸಿದ್ರೆ ನೋಡಿ: "ಹದಿನೈದು ಸಾವಿರ ಡೆಪಾಸಿಟ್ ಕೊಟ್ಟಿದ್ದೆ, ಬಿಡಾಕ ಒಂದು ತಿಂಗಳ ಮೊದ್ಲ ಹೇಳಿದ್ದೆ, ಪೇಂಟಿಂಗ್ ಅಂತ ಐದು ಸಾವಿರ ಹಿಡ್ಕೊಂಡ್ರು, ಅಗ್ರಿಮೆಂಟ್‌ನ್ಯಾಗ ಪೇಂಟಿಂಗ್ ಮಾತ ಇಲ್ಲ." ಕಳ್ಳ ಅನ್ನೋ ಪದ ಇಲ್ದೇನೂ ಓದೋನಿಗೆ ಎಲ್ಲ ಗೊತ್ತಾಯ್ತು. ರಸೀದಿ ಕೇಳಿ ನೋಡಿ, ಸರಿ ಇದ್ರೆ ಹಾಕಿ.

ಮೂರನೇದು: "ಸೂಪರ್ ಊಟ, ಮನೆ ಊಟದ ಥರಾನೇ, ಅಣ್ಣ ತುಂಬಾ ಒಳ್ಳೇವ್ರು, ಎಲ್ಲರೂ ಸಪೋರ್ಟ್ ಮಾಡಿ." ಇದನ್ನೂ ವಾಪಸ್ ಕಳಿಸ್ಬೇಕು. ಇಲ್ಲೇ ಅಡ್ಮಿನ್‌ಗಳು ಸಡಿಲ ಬಿಡೋದು, ಯಾರಿಗೂ ನೋವಾಗಲ್ಲ ಅಲ್ವಾ ಅಂತ. ಒಂದು ಉಪಾಯ ಇದೆ, ಆ ವಾಕ್ಯಾನ ತಿರುಗಿಸಿ ನೋಡಿ. "ಕೆಟ್ಟ ಊಟ, ಮನೆ ಊಟದ ಥರ ಇಲ್ವೇ ಇಲ್ಲ, ಅಣ್ಣ ಸರಿ ಇಲ್ಲ, ಯಾರೂ ಹೋಗ್ಬೇಡಿ" ಅಂತ ಬಂದಿದ್ರೆ ಹಾಕ್ತಿದ್ರಾ? ಇಲ್ಲ ತಾನೆ. ಹಾಗಾದ್ರೆ ಇದೂ ಬೇಡ. ಅನುಮಾನ ಬಂದಾಗೆಲ್ಲ ಹೀಗೆ ತಿರುಗಿಸಿ, ನಿಮ್ಮ ಪಕ್ಷಪಾತ ನಿಮಗೇ ಕಾಣತ್ತೆ. ಬರೀ ಸ್ಟಾರ್ ಒತ್ತಿ ಒಂದು ಸಾಲೂ ಬರೆಯದೇ ಇರೋದಕ್ಕೂ ಇದೇ ನಿಯಮ, ಒಂದು ಸ್ಟಾರ್ ಆದ್ರೂ ಐದು ಸ್ಟಾರ್ ಆದ್ರೂ.

ನಾಲ್ಕನೇ ಥರದ್ದು ಕಷ್ಟ: "ಒಂದೇ ಎಣ್ಣೇನ ವಾರಗಟ್ಟಲೆ ಬಳಸ್ತಾರೆ." ಇವ್ರಿಗೆ ಹೇಗೆ ಗೊತ್ತು? ಅಡಿಗೆಮನೆ ಒಳಗೆ ಹೋಗಿ ನೋಡಿದ್ರಾ, ವಡೆ ವಾಸ್ನೆ ನೋಡಿ ಅಂದಾಜು ಮಾಡಿದ್ರಾ? ಅಂದಾಜಾದ್ರೆ ವಡೆ ಕಮಟು ವಾಸ್ನೆ ಬರ್ತಿತ್ತು ಅಂತ ಬರೀಲಿ, ಅದು ಅವ್ರ ಮೂಗಿಗೆ ಗೊತ್ತಾಗಿದ್ದು. ಮೂಗಿಗೆ ಗೊತ್ತಾಗಿದ್ದಕ್ಕೂ ಅದರಿಂದ ತೆಗೆದ ತೀರ್ಮಾನಕ್ಕೂ ಇರೋ ವ್ಯತ್ಯಾಸ ಹಿಡಿಯೋದು ಅಭ್ಯಾಸ ಆದ್ರೆ ನಿಮ್ಮ ಅರ್ಧ ಕೆಲ್ಸ ಮುಗೀತು.

ಕಾನೂನಿನ ಕಡೆಯಿಂದನೂ ಇದೇ ಗೆರೆ ಕೆಲಸಕ್ಕೆ ಬರತ್ತೆ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, 2024ರ ಜುಲೈ 1ರಿಂದ, ಮುಂಚೆ ಐಪಿಸಿ 499, 500 ಇದ್ದಿದ್ದು. ಎರಡು ವರ್ಷದ ತನಕ ಸಜೆ ಇದೆ. ಅದ್ರಲ್ಲೇ ವಿನಾಯಿತಿಗಳೂ ಇವೆ: ಸಾರ್ವಜನಿಕರ ಒಳಿತಿಗಾಗಿ ಹೇಳಿದ ನಿಜ, ಇನ್ನೊಬ್ರ ಒಳ್ಳೇದಕ್ಕೆ ಸದುದ್ದೇಶದಿಂದ ಕೊಟ್ಟ ಎಚ್ಚರಿಕೆ. ಡೆಪಾಸಿಟ್ ಕಥೆ ಇದ್ರೊಳಗೆ ನಿಲ್ಲಬಹುದು, ಬರೀ ಕಳ್ಳ ಅನ್ನೋದು ನಿಲ್ಲೋದು ಕಷ್ಟ. ಇನ್ನೊಂದು ವಿಷ್ಯ, ವಾಟ್ಸಾಪ್ ಅಡ್ಮಿನ್‌ಗೆ ಏನೂ ಆಗಲ್ಲ ಅಂತ ಕೋರ್ಟ್ ಹೇಳಿದೆ ಅಂತ ಎಲ್ಲರೂ ಧೈರ್ಯ ಹೇಳ್ತಾರೆ. ಬಾಂಬೆ ಹೈಕೋರ್ಟ್ ನಾಗಪುರ ಪೀಠ 2021ರಲ್ಲಿ ಹೇಳಿದ್ದು ನಿಜ, ಮೆಂಬರ್ ಹಾಕಿದ್ದಕ್ಕೆ ಅಡ್ಮಿನ್ ಹೊಣೆ ಅಲ್ಲ, ಇಬ್ರೂ ಸೇರಿ ಮಾಡಿದ್ದು ಅಂತ ಇದ್ರೆ ಬೇರೆ ಮಾತು ಅಂತ. ಆದ್ರೆ ಆ ತೀರ್ಪಿನ ಒಂದು ಆಧಾರ ಏನು ಅಂದ್ರೆ ಪೋಸ್ಟ್ ಆಗೋಕೆ ಮುಂಚೆ ಅದನ್ನ ತಡೆಯೋ ಅಧಿಕಾರ ವಾಟ್ಸಾಪ್ ಅಡ್ಮಿನ್‌ಗೆ ಇಲ್ಲ ಅನ್ನೋದು. ನೀವು ಮುಂಚೇನೇ ಓದಿ ಅಪ್ರೂವ್ ಮಾಡೋರು, ನಿಮಗೆ ಆ ಅಧಿಕಾರ ಇದೆ. ಹಾಗಾಗಿ ಆ ತೀರ್ಪನ್ನ ಛತ್ರಿ ಅಂದ್ಕೋಬೇಡಿ, ಪಟ್ಟಿ ದೊಡ್ಡದಾದ್ರೆ ಬಳಗದಲ್ಲಿರೋ ವಕೀಲರನ್ನ ಒಮ್ಮೆ ಕೂರಿಸ್ಕೊಂಡು ಮಾತಾಡಿ.

ತಿದ್ದೋಕೆ ಹೋಗ್ಬೇಡಿ

ಕೈ ತುರಿಸತ್ತೆ, ಗೊತ್ತು. ಸ್ಪೆಲ್ಲಿಂಗ್ ತಪ್ಪು, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಅಕ್ಷರ, ಮಧ್ಯೆ ಮರಾಠಿ. ಬಿಟ್ಬಿಡಿ. ಫೋನ್ ನಂಬರ್, ಬೇರೆಯೋರ ಹೆಸ್ರು, ಫ್ಲ್ಯಾಟ್ ನಂಬರ್ ಇದ್ರೆ ಮುಚ್ಚಿ, ಮುಚ್ಚಿದೀವಿ ಅಂತ ಕಾಣೋ ಹಾಗೆ. ಅದು ಬಿಟ್ಟು ಒಂದು ಪದಾನೂ ಬದಲಾಯಿಸ್ಬೇಡಿ. ನೀವು ತಿದ್ದಿದ ಕ್ಷಣದಿಂದ ಅದು ನಿಮ್ಮ ಮಾತು, ಆಮೇಲೆ ಬರೆದೋರು ನಾನು ಹಾಗಂದಿಲ್ಲ ಅಂದ್ರೆ ಮುಗೀತು. ಕಠೋರ ಮಾತನ್ನ ಮೃದು ಮಾಡಿ ಹಾಕೋದು ಇನ್ನೂ ಕೆಟ್ಟದ್ದು, ಓದೋರಿಗೆ ಮೋಸ.

ತಿದ್ದೋ ಬದ್ಲು ಕಾರಣ ಹೇಳಿ ವಾಪಸ್ ಕಳಿಸಿ. ಮೆಸೇಜ್ ಇಷ್ಟಿದ್ರೆ ಸಾಕು: "ನಮಸ್ಕಾರ, ನಿಮ್ಮ ರಿವ್ಯೂ ಸಿಕ್ತು. ಡೆಪಾಸಿಟ್ ಎಷ್ಟು, ಎಷ್ಟು ಹಿಡ್ಕೊಂಡ್ರು, ಯಾವ ತಿಂಗಳು ಅನ್ನೋದು ಸೇರಿಸಿ ಮತ್ತೆ ಕಳಿಸ್ತೀರಾ? ಕಳ್ಳ ಅನ್ನೋ ಪದ ನಮ್ಮ ನಿಯಮದಲ್ಲಿ ಬರಲ್ಲ, ನಡೆದಿದ್ದನ್ನ ಬರೆದ್ರೆ ಖಂಡಿತ ಹಾಕ್ತೀವಿ." ಬರೀ ನಿಯಮ ಉಲ್ಲಂಘನೆ ಅಂತ ಕಳಿಸಿದ್ರೆ ಅವ್ರು ಮತ್ತೆ ಬರೆಯಲ್ಲ, ಗ್ರೂಪ್‌ನಲ್ಲಿ ನಿಮ್ಮ ಬಗ್ಗೆನೇ ರಿವ್ಯೂ ಬರೀತಾರೆ.

ನಮ್ಮೋರು ಅನ್ನೋ ಸಮಸ್ಯೆ

ಒಂದೇ ಊರಿನೋರು ಅನ್ನೋದನ್ನೇ ಹಿತಾಸಕ್ತಿ ಅಂತ ಲೆಕ್ಕ ಹಾಕಿದ್ರೆ ಯಾರೂ ಉಳಿಯಲ್ಲ, ಪುಣೆಯಲ್ಲಿ ಇರೋ ಬೆಳಗಾವಿಯೋರೆಲ್ಲ ಒಂದಲ್ಲಾ ಒಂದು ಥರದಲ್ಲಿ ಪರಿಚಯಾನೇ. ಗೆರೆನ ದುಡ್ಡಿನ ಮೇಲೆ ಎಳೀರಿ. ಮಾಲೀಕರು, ಪಾಲುದಾರರು, ಅವ್ರ ಮನೆಯೋರು, ಅಲ್ಲಿ ಕೆಲ್ಸ ಮಾಡೋರು, ಕೆಲ್ಸ ಬಿಟ್ಟೋರು, ಪಕ್ಕದಲ್ಲೇ ಅದೇ ವ್ಯಾಪಾರ ನಡ್ಸೋರು, ಇವ್ರು ಯಾರೂ ಸ್ಟಾರ್ ಕೊಡೋ ಹಂಗಿಲ್ಲ. ಫಾರ್ಮ್‌ನಲ್ಲೇ ಕೇಳಿ: ಈ ಜಾಗದ ಜೊತೆ ನಿಮಗೆ ದುಡ್ಡಿನ ಅಥವಾ ಮನೆಯ ಸಂಬಂಧ ಇದೆಯಾ? ಸುಳ್ಳು ಹೇಳೋರು ಹೇಳ್ತಾರೆ, ಆದ್ರೆ ಕೇಳಿದ್ಮೇಲೆ ಸುಳ್ಳು ಹೇಳಿ ಸಿಕ್ಕಿಬಿದ್ರೆ ತೆಗೆಯೋದು ಸುಲಭ. 2020ರ ಇ-ಕಾಮರ್ಸ್ ನಿಯಮಗಳಲ್ಲೂ ಮಾರೋರು ಗ್ರಾಹಕರ ವೇಷ ಹಾಕಿ ರಿವ್ಯೂ ಬರೆಯೋ ಹಾಗಿಲ್ಲ ಅಂತ ಸ್ಪಷ್ಟವಾಗಿ ಇದೆ. ಅದು ಆನ್‌ಲೈನ್ ಮಾರಾಟದೋರಿಗೆ ಮಾಡಿದ್ದು, ಆದ್ರೂ ನಿಯಮ ಬರೆಯೋವಾಗ ಒಳ್ಳೇ ಆಧಾರ.

ಫ್ರೀ ಊಟ, ಡಿಸ್ಕೌಂಟ್ ತಗೊಂಡು ಬರೆದಿದ್ರೆ ಅದನ್ನ ರಿವ್ಯೂ ಮೇಲೇನೇ ಹೇಳ್ಬೇಕು, ಹೇಳಿದ್ರೆ ಹಾಕಿ, ಸ್ಟಾರ್ ಮಾತ್ರ ಲೆಕ್ಕಕ್ಕೆ ಬೇಡ. ಸಂಘದ ಕಾರ್ಯಕ್ರಮಕ್ಕೆ ಸ್ಪಾನ್ಸರ್ ಮಾಡಿದ ಹೋಟ್ಲಿನ ರಿವ್ಯೂನ ಆ ಸಂಘದ ಪದಾಧಿಕಾರಿ ಅಪ್ರೂವ್ ಮಾಡ್ಬಾರ್ದು, ಇನ್ನೊಬ್ರಿಗೆ ಬಿಡ್ಲಿ. ಇದನ್ನ ಮುಂಚೆ ಬರೆದಿಟ್ಟಿಲ್ಲ ಅಂದ್ರೆ ಆಮೇಲೆ ಹೇಳೋಕೆ ಬಾಯಿ ಬರಲ್ಲ, ಯಾಕಂದ್ರೆ ಅವ್ರು ಹಿರಿಯರು, ರಾಜ್ಯೋತ್ಸವಕ್ಕೆ ಹಾಲ್ ಕೊಡ್ಸಿದೋರು.

ಒಂದೇ ರಾತ್ರಿ ಒಂದೇ ಜಾಗಕ್ಕೆ ಸಾಲಾಗಿ ರಿವ್ಯೂ ಬಂದ್ರೆ, ವಾಕ್ಯಗಳೂ ಹೆಚ್ಚೂಕಮ್ಮಿ ಒಂದೇ ಥರ ಇದ್ರೆ, ಎಲ್ಲಾನೂ ಹೋಲ್ಡ್‌ನಲ್ಲಿಡಿ. ಈಗ ಎಐ ಕೈಲಿ ಬರೆಸೋದೂ ಜಾಸ್ತಿ ಆಗಿದೆ, ಭಾಷೆ ತುಂಬಾ ನಯ, ವಿಷ್ಯ ಶೂನ್ಯ. ಎಐ ಬಳಸಿದ್ರು ಅಂತಾನೇ ತಳ್ಳಬೇಡಿ, ಕನ್ನಡ ಟೈಪ್ ಮಾಡೋಕೆ ಕಷ್ಟ ಆಗೋರು ಬಳಸ್ತಾರೆ. ಒಂದು ಪ್ರಶ್ನೆ ವಾಪಸ್ ಕಳಿಸಿ: ನೀರು ಎಷ್ಟು ಗಂಟೆಗೆ ಬರತ್ತೆ, ಬಾತ್‌ರೂಮ್ ಎಷ್ಟು ಜನಕ್ಕೆ ಒಂದು, ಭಾನುವಾರ ರಾತ್ರಿ ಊಟ ಇದೆಯಾ? ಅಲ್ಲಿ ಇದ್ದೋರು ತಕ್ಷಣ ಹೇಳ್ತಾರೆ, ಜೊತೆಗೆ ಇನ್ನೆರಡು ದೂರೂ ಸೇರಿಸ್ತಾರೆ.

ಸೂಕ್ಷ್ಮ ವಿಷ್ಯಗಳು

ಭಾಷೆ ಜಗಳ. "ಇಲ್ಲಿ ಕನ್ನಡ ಮಾತಾಡ್ಬೇಡಿ ಅಂತ ಮ್ಯಾನೇಜರ್ ಹೇಳಿದ್ರು" ಅಂದ್ರೆ ಅದು ನಡೆದಿದ್ದು, ಯಾವಾಗ, ಯಾರ ಮುಂದೆ ಅಂತ ಕೇಳಿ ಹಾಕಿ. "ಈ ಮರಾಠಿಯೋರೇ ಹೀಗೆ" ಅಂದ್ರೆ ವಾಪಸ್. ನಮಗೆ ಮನೆ ಕೊಟ್ಟಿರೋರೂ ಅವ್ರೇ, ಪಕ್ಕದ ಮನೆ ಕಾಕೂನೂ ಅವ್ರೇ. ಜಾತಿ, ಧರ್ಮ, ನಾರ್ತಿ ಸೌತಿ ಎಲ್ಲದಕ್ಕೂ ಇದೇ ನಿಯಮ. 2022ರ ಕೊನೇಲಿ ಗಡಿ ಗಲಾಟೆ ಆಗಿ ಬಸ್ಸುಗಳಿಗೆ ಮಸಿ ಬಳಿದ ದಿನಗಳು ನೆನಪಿರಬೇಕು, ಅಂಥ ಸಮಯದಲ್ಲಿ ಭಾಷೆ ವಿಷ್ಯ ಇರೋ ರಿವ್ಯೂಗಳನ್ನ ಒಂದೆರಡು ವಾರ ತಡೆದು ಹಾಕಿದ್ರೆ ಏನೂ ನಷ್ಟ ಇಲ್ಲ. ಹೀಗೆ ತಡೀತೀವಿ ಅಂತ ನಿಯಮದಲ್ಲೇ ಬರೆದಿಡಿ.

ಕ್ಲಿನಿಕ್ ಬಗ್ಗೆ ಆದ್ರೆ ಎಷ್ಟು ಹೊತ್ತು ಕಾಯಿಸಿದ್ರು, ಫೀಸ್ ಎಷ್ಟು, ಡಾಕ್ಟ್ರು ಮಾತು ಕೇಳಿಸ್ಕೊಂಡ್ರಾ, ಊರಿಂದ ಬಂದ ಅಮ್ಮನ ಹತ್ರ ಕನ್ನಡದಲ್ಲಿ ಮಾತಾಡೋಕೆ ಬರತ್ತಾ, ಇವೆಲ್ಲ ಹಾಕಿ. ತಪ್ಪು ಔಷಧಿ ಕೊಟ್ರು, ತಪ್ಪು ಆಪರೇಷನ್ ಮಾಡಿದ್ರು ಅನ್ನೋದನ್ನ ತೂಗಿ ನೋಡೋಕೆ ನಮ್ಮ ಕೈಲಿ ಆಗಲ್ಲ, ಅದು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ಗೋ ಗ್ರಾಹಕರ ಆಯೋಗಕ್ಕೋ ಹೋಗ್ಬೇಕಾದ ವಿಷ್ಯ. ಊಟದಿಂದ ಹೊಟ್ಟೆ ಕೆಟ್ರೆ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐಗೆ ದೂರು ಕೊಡೋ ದಾರಿ ತೋರ್ಸಿ, ರಿವ್ಯೂನಲ್ಲಿ ಏನು ತಿಂದೆ, ಯಾವಾಗ ತಿಂದೆ, ಆಮೇಲೆ ಏನಾಯ್ತು ಅಷ್ಟೇ ಬರೀಲಿ. ದುಡ್ಡಿನ ತಕರಾರಿಗೆ ಗ್ರಾಹಕರ ಸಹಾಯವಾಣಿ 1915 ಇದೆ. ಈ ನಂಬರ್‌ಗಳನ್ನ ವಾಪಸ್ ಕಳ್ಸೋ ಮೆಸೇಜ್ ಕೆಳಗೇ ಹಾಕಿಡಿ.

ಹುಡ್ಗೀರ ಪಿಜಿಯಲ್ಲಿ ಕಿರುಕುಳ, ಕ್ಯಾಮೆರಾ, ರಾತ್ರಿ ಬಾಗಿಲು ತಟ್ಟೋದು ಥರದ ವಿಷ್ಯ ಬಂದ್ರೆ ಅದನ್ನ ಮಾಮೂಲಿ ಕ್ಯೂನಲ್ಲಿ ಬಿಡಲೇಬೇಡಿ. ಮಹಿಳಾ ಅಡ್ಮಿನ್ ಒಬ್ರು ಅವತ್ತೇ ಆಕೆ ಜೊತೆ ಮಾತಾಡ್ಲಿ, ಈಗ ಸುರಕ್ಷಿತವಾಗಿದಾಳಾ ಅಂತ ಮೊದ್ಲು ಕೇಳಲಿ, ತುರ್ತು ನಂಬರ್ 112 ನೆನಪಿಸ್ಲಿ, ಹಾಕ್ಬೇಕೋ ಬೇಡ್ವೋ ಅನ್ನೋದನ್ನ ಆಕೆನೇ ಹೇಳ್ಲಿ. ಇಂಥದ್ರಲ್ಲಿ ಹೆಸ್ರಿಲ್ಲದೇ ಹಾಕಬಹುದು, ಅಡ್ಮಿನ್‌ಗೆ ಮಾತ್ರ ಯಾರು ಅಂತ ಗೊತ್ತಿದ್ರೆ ಸಾಕು. ಬಳಗದಲ್ಲಿ ಮಹಿಳಾ ಅಡ್ಮಿನ್ ಇಲ್ಲ ಅಂದ್ರೆ ಹುಡ್ಗೀರ ಪಿಜಿ ರಿವ್ಯೂ ತಗೊಳ್ಳೋಕೆ ಮುಂಚೆ ಒಬ್ರನ್ನ ಸೇರಿಸ್ಕೊಳ್ಳಿ.

ಎಷ್ಟು ಹಳೇದು ನಡೆಯತ್ತೆ? ಮೆಸ್‌ನಲ್ಲಿ ಅಡಿಗೆಯೋರು ಬದಲಾದ್ರೆ ರುಚಿನೇ ಬದಲು, ಪಿಜಿಗಳು ಕೈಯಿಂದ ಕೈಗೆ ಹೋಗ್ತಾನೇ ಇರತ್ವೆ, ಬೋರ್ಡ್ ಮಾತ್ರ ಹಳೇದು. ಹೋಗಿದ್ದ ತಿಂಗಳು ವರ್ಷನ ಸ್ಟಾರ್ ಪಕ್ಕದಲ್ಲೇ ತೋರ್ಸಿ, ಎರಡು ವರ್ಷ ದಾಟಿದ್ದನ್ನ ಕೆಳಗೆ ಹಾಕಿ, ಲೆಕ್ಕದಿಂದ ತೆಗೀರಿ, ಡಿಲೀಟ್ ಮಾತ್ರ ಬೇಡ.

ಫೋನ್ ಬಂದಾಗ

ಬರತ್ತೆ, ತಪ್ಪಲ್ಲ. "ಏನಪ್ಪಾ, ನಮ್ಮೋರಾಗಿ ನಮ್ಮ ಹೊಟ್ಟೆ ಮೇಲೆ ಹೊಡೀತೀರಾ, ಅದೊಂದು ತೆಗ್ದಾಕು" ಅಂತ. ಫೋನ್‌ನಲ್ಲಿ ಏನನ್ನೂ ಒಪ್ಕೋಬೇಡಿ. "ಅಣ್ಣಾ, ಏನು ತಪ್ಪಿದೆ ಅಂತ ಎರಡು ಸಾಲು ಬರೆದು ಕಳಿಸಿ, ಇಬ್ರು ಕೂತು ನೋಡ್ತೀವಿ" ಅನ್ನಿ. ಬರೆದು ಕಳಿಸಿದ್ಮೇಲೆ ಆ ರಿವ್ಯೂ ಮೇಲೆ ಮಾಲೀಕರು ಒಪ್ಪಿಲ್ಲ ಅಂತ ಲೇಬಲ್ ಹಾಕಿ, ಬರೆದೋರಿಗೆ ಒಂದು ವಾರ ಟೈಮ್ ಕೊಟ್ಟು ವಿವರ ಕೇಳಿ. ಅವ್ರು ಉತ್ರಾನೇ ಕೊಡ್ಲಿಲ್ಲ, ಆರೋಪ ಗಂಭೀರ ಅಂದ್ರೆ ತೆಗೀರಿ. ರುಚಿ ಬಗ್ಗೆ ಬರೆದಿದ್ದಾದ್ರೆ ಯಾರು ಏನಂದ್ರೂ ತೆಗೀಬೇಡಿ. ಮಾಲೀಕರಿಗೆ ಉತ್ತರ ಬರೆಯೋ ಹಕ್ಕು ಇರ್ಲಿ, ಒಂದು ಸಲ, ರಿವ್ಯೂ ಕೆಳಗೇ, ಅದಕ್ಕೂ ಇದೇ ನಿಯಮಗಳು. ಚೆನ್ನಾಗಿ ಉತ್ತರ ಕೊಟ್ಟ ಮೆಸ್‌ಗೆ ಕೆಟ್ಟ ರಿವ್ಯೂನಿಂದ ಗಿರಾಕಿ ಜಾಸ್ತಿ ಆಗೋದೂ ಇದೆ. ಕೋರ್ಟ್ ಆದೇಶ ಬಂದ್ರೆ ಮಾತು ಬೇರೆ, ಪಾಲಿಸ್ಬೇಕು.

ನಿಯಮ ಗಟ್ಟಿ ಆಯ್ತಾ ಅಂತ ನೋಡೋಕೆ

ಬರೆದಾದ್ಮೇಲೆ ತಕ್ಷಣ ಜಾರಿ ಮಾಡ್ಬೇಡಿ. ಹಳೇ ರಿವ್ಯೂಗಳಲ್ಲಿ ಇಪ್ಪತ್ತು ಮೂವತ್ತು ತೆಗೆದು, ಹೊಗಳಿದ್ದು ಬೈದಿದ್ದು ಎರಡೂ ಕಲಸಿ, ಅದೇ ಕಂತೆನ ಪ್ರತಿ ಅಡ್ಮಿನ್‌ಗೂ ಪ್ರತ್ಯೇಕವಾಗಿ ಕೊಡಿ, ಒಬ್ರದ್ದು ಒಬ್ರು ನೋಡದೇ ಹಾಕಬಹುದು, ವಾಪಸ್, ಬೇಡ ಅಂತ ಗುರುತು ಹಾಕ್ಲಿ. ಆಮೇಲೆ ಕೂತು ಎಲ್ಲೆಲ್ಲಿ ಬೇರೆ ಬೇರೆ ಬಂತು ಅಂತ ನೋಡಿ. ಜಗಳ ಆಗೋದು ಅಲ್ಲೇ, ಆಗ್ಲಿ, ಆ ಜಾಗದಲ್ಲಿ ನಿಯಮದ ವಾಕ್ಯ ಸ್ಪಷ್ಟ ಇಲ್ಲ ಅಂತ ಅರ್ಥ. ವಾಕ್ಯ ತಿದ್ದಿ, ಮತ್ತೊಂದು ಕಂತೆ ಕೊಟ್ಟು ನೋಡಿ. ಯಾರು ಸರಿ ಅಂತ ವೋಟ್ ಹಾಕೋಕೆ ಹೋದ್ರೆ ಉಪಯೋಗ ಇಲ್ಲ, ಮುಂದಿನ ವಾರ ಅದೇ ಜಗಳ.

ಮಾಮೂಲಿ ರಿವ್ಯೂಗೆ ಒಬ್ರು ಸಾಕು, ಆರೋಪ ಇರೋದಕ್ಕೆ ಇಬ್ರು ಒಪ್ಬೇಕು. ಎರಡು ದಿನದೊಳಗೆ ಏನಾದ್ರೂ ಒಂದು ಉತ್ತರ ಹೋಗ್ಬೇಕು, ನೋಡ್ತಾ ಇದೀವಿ ಅಂತಾದ್ರೂ. ಒಂದು ಶೀಟ್‌ನಲ್ಲಿ ಏನು ಬಂತು, ಏನು ಮಾಡಿದ್ರಿ, ಯಾಕೆ ಅಂತ ಬರೆದಿಡಿ, ಯಾರಾದ್ರೂ ಕೇಳಿದ್ರೆ ತೋರ್ಸೋಕೆ ಇರತ್ತೆ. ನಿಯಮಾನೂ ಒಂದು ಪುಟ ಮೀರಬಾರ್ದು, ಮೊಬೈಲ್‌ನಲ್ಲಿ ಓದೋ ಹಾಗಿರ್ಲಿ, ಫಾರ್ಮ್ ಮೇಲೇ ಕಾಣ್ಲಿ. ನಿಯಮ ಬದಲಾಯಿಸಿದಾಗ ತಾರೀಖು ಹಾಕಿ. ಮುಂಚೆ ಹಾಕಿರೋ ರಿವ್ಯೂಗಳನ್ನೆಲ್ಲ ಹೊಸ ನಿಯಮಕ್ಕೆ ಎಳ್ಕೊಂಡು ಕೂರಬೇಡಿ, ಯಾರಾದ್ರೂ ತಕರಾರು ತಂದಾಗ ಆ ಒಂದನ್ನ ಮಾತ್ರ ಮತ್ತೆ ನೋಡಿ.